ಊಟದ ಡಬ್ಬಿಯ ಜೊತೆ ಸಂಶೋಧನೆಯ ಮಾತೂ ಬಿಚ್ಚಿಕೊಳ್ಳಲಿ

ಮಾನ್ಯ ಸಂಪಾದಕರೇ,

ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನೆಯ ಗುಣಮಟ್ಟದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಚರ್ಚೆ ನಡೆಯುತ್ತಿರುತ್ತದೆ. ಅನುದಾನ ಸಾಲದು, ಖಾಲಿ ಹುದ್ದೆಗಳು ಭರ್ತಿಯಾಗಿಲ್ಲ, ಪ್ರಯೋಗಾಲಯದ ಉಪಕರಣಗಳು ಕೆಟ್ಟು ಕೂತಿವೆ ಎಂಬ ದೂರುಗಳೆಲ್ಲ ನಿಜವೇ. ಅವುಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಭೂವಿಜ್ಞಾನ ಕಲಿಸಿ ನಿವೃತ್ತನಾಗಿರುವ ನನಗೆ, ಹೆಚ್ಚು ಹಣವಿಲ್ಲದೆಯೇ ಸರಿಪಡಿಸಬಹುದಾದ ಇನ್ನೊಂದು ಕೊರತೆ ಕಾಣುತ್ತದೆ. ಒಂದೇ ಆವರಣದಲ್ಲಿ ದುಡಿಯುವ ನಮಗೆ ಪಕ್ಕದ ಕಟ್ಟಡದ ಸಹೋದ್ಯೋಗಿ ಯಾವ ಪ್ರಶ್ನೆಯನ್ನು ಇಟ್ಟುಕೊಂಡು ಒದ್ದಾಡುತ್ತಿದ್ದಾರೆ ಎಂಬುದೇ ಗೊತ್ತಿರುವುದಿಲ್ಲ. ಅದನ್ನು ತಿಳಿದುಕೊಳ್ಳಲು ದಿನದಲ್ಲಿ ಎಲ್ಲರಿಗೂ ಒಟ್ಟಿಗೆ ಸಿಗುವ ಬಿಡುವೆಂದರೆ ಮಧ್ಯಾಹ್ನದ ಊಟದ ಹೊತ್ತೊಂದೇ. ವಾರಕ್ಕೊಮ್ಮೆ ಆ ಹೊತ್ತನ್ನು ಇದಕ್ಕೆ ಬಳಸಿಕೊಳ್ಳಬೇಕು, ಮತ್ತು ಹಾಗೆ ಬಳಸಿಕೊಳ್ಳುವಾಗ ಆಡಳಿತವು ದಯವಿಟ್ಟು ಅದರಿಂದ ದೂರ ಉಳಿಯಬೇಕು ಎಂದು ಕೋರುವುದಕ್ಕಾಗಿ ಈ ಪತ್ರ.

ನನ್ನ ಅನುಭವವನ್ನೇ ಹೇಳುತ್ತೇನೆ. ಬಯಲುಸೀಮೆಯ ಹಳೆಯ ಕೆರೆಗಳ ಹೂಳನ್ನು ಕೊಳವೆ ಇಳಿಸಿ ತೆಗೆದು, ಪದರ ಪದರವಾಗಿ ಬಿಡಿಸಿ, ಯಾವ ಕಾಲದಲ್ಲಿ ಎಂಥ ಮಣ್ಣು ಎಷ್ಟು ಕೊಚ್ಚಿಕೊಂಡು ಬಂದಿದೆಯೆಂದು ಲೆಕ್ಕ ಹಾಕುವುದು ನಾನು ಬಹಳ ವರ್ಷ ಮಾಡಿದ ಕೆಲಸ. ಒಂದು ಕೆರೆಯಲ್ಲಿ ನುಣ್ಣನೆಯ ಕಪ್ಪು ಹೂಳಿನ ನಡುವೆ ಗೇಣುದ್ದದ ಒರಟು ಮರಳಿನ ಪದರ ಸಿಕ್ಕಿತು. ಅದು ಒಂದೇ ಒಂದು ಭಾರಿ ಮಳೆಗಾಲದ ಗುರುತೋ, ಏರಿ ಒಡೆದು ಕೆರೆ ಬರಿದಾಗಿ ಹಳ್ಳವಾಗಿ ಹರಿದ ಕಾಲದ್ದೋ ತಿಳಿಯದೆ ಮೂರು ವರ್ಷ ಕಳೆದೆ. ಅದೇ ಮೂರು ವರ್ಷ, ನಮ್ಮ ವಿಭಾಗದಿಂದ ಇನ್ನೂರು ಹೆಜ್ಜೆ ದೂರದ ಇತಿಹಾಸ ವಿಭಾಗದಲ್ಲಿ ಸಹೋದ್ಯೋಗಿಯೊಬ್ಬರು ಅದೇ ತಾಲ್ಲೂಕಿನ ಕೆರೆಗಳಿಗೆ ಸಂಬಂಧಿಸಿದ ಶಾಸನಗಳನ್ನು ಓದುತ್ತಿದ್ದರು. ನಾವಿಬ್ಬರೂ ಪರಸ್ಪರ ಅಪರಿಚಿತರೇನಲ್ಲ. ಪ್ರವೇಶ ಸಮಿತಿಯಲ್ಲಿ ಅಕ್ಕಪಕ್ಕ ಕೂತಿದ್ದೇವೆ, ಮೌಲ್ಯಮಾಪನದ ಭತ್ಯೆ ಬಾರದಿದ್ದಾಗ ಒಂದೇ ಅರ್ಜಿಗೆ ಸಹಿ ಹಾಕಿದ್ದೇವೆ. ನಿಮ್ಮ ಸಂಶೋಧನೆ ಯಾವುದರ ಮೇಲೆ ಎಂದು ಅವರು ನನ್ನನ್ನಾಗಲಿ ನಾನು ಅವರನ್ನಾಗಲಿ ಕೇಳಿರಲಿಲ್ಲ, ಅಷ್ಟೆ.

ಒಂದು ಮಳೆಗಾಲ ನಮ್ಮ ಕೊಠಡಿಯ ಸೂರು ಸೋರತೊಡಗಿ, ಊಟದ ಡಬ್ಬಿ ಹಿಡಿದುಕೊಂಡು ಗ್ರಂಥಾಲಯದ ಹಿಂಬದಿಯ ಕೋಣೆಗೆ ಹೋಗಿ ಕೂರಬೇಕಾಯಿತು. ಇತಿಹಾಸದವರೂ ಅಲ್ಲೇ ಊಟ ಮಾಡುತ್ತಿದ್ದರು. ಮಾತಿಗೆ ಮಾತು ಬಂದು ನಾನು ಕೆರೆಯ ಹೆಸರು ಹೇಳಿದಾಗ ಅವರು, “ಸರ್, ಆ ಕೆರೆಯ ಕೋಡಿಯ ಹತ್ತಿರ ಒಂದು ಶಾಸನದ ಕಲ್ಲು ನಿಂತಿದೆ, ನೋಡಿದ್ದೀರಾ?” ಎಂದು ಕೇಳಿದರು. ನೋಡಿದ್ದೆ, ಮೂರು ವರ್ಷವೂ ತೆಪ್ಪದ ಹಗ್ಗವನ್ನು ಆ ಕಲ್ಲಿಗೇ ಕಟ್ಟುತ್ತಿದ್ದೆ. ಅದರ ಮೇಲೆ ಅಕ್ಷರಗಳಿವೆ ಎಂಬುದೂ ಕಂಡಿತ್ತು. ಒಡೆದ ಕೆರೆಯನ್ನು ಮತ್ತೆ ಕಟ್ಟಿಸಿ, ಅದರ ಉಸ್ತುವಾರಿಗೆ ಭೂಮಿ ಬಿಟ್ಟುಕೊಟ್ಟ ವಿಷಯ ಅದರಲ್ಲಿದೆ ಎಂಬುದು ಮಾತ್ರ ಆ ದಿನ ಮೊಸರನ್ನದ ಮುಂದೆ ಕೂತಾಗ ತಿಳಿಯಿತು.

ಮುಂದಿನ ಕೆಲವು ಮಧ್ಯಾಹ್ನಗಳಲ್ಲಿ ಆ ಸಹೋದ್ಯೋಗಿ ಕಲಿಸಿದ್ದು ನನ್ನ ವಿಷಯದ ಯಾವ ಪಠ್ಯದಲ್ಲೂ ಇರಲಿಲ್ಲ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಶಬ್ದಗಳ ಹಿಂದೆ ಕೆರೆ ಕಟ್ಟಿಸಿದವರಿಗೂ ಕಾಪಾಡಿದವರಿಗೂ ಭೂಮಿಯ ಮೂಲಕ ಪ್ರತಿಫಲ ಕೊಡುವ ಒಂದು ವ್ಯವಸ್ಥೆಯೇ ಇತ್ತೆಂದು, ಹೂಳು ಸಾಗಿಸುವ ಬಂಡಿಗಳ ಖರ್ಚಿಗೂ ದತ್ತಿ ಬಿಟ್ಟ ಶಾಸನಗಳಿವೆಯೆಂದು ಅವರು ವಿವರಿಸಿದರು. ನನ್ನಂಥವನಿಗೆ ಇದು ಸಣ್ಣ ಮಾತಲ್ಲ. ಜನ ವರ್ಷವರ್ಷವೂ ಹೂಳು ತೆಗೆಯುತ್ತಿದ್ದ ಕೆರೆಯಲ್ಲಿ ಪದರಗಳು ಅಖಂಡವಾಗಿ ಉಳಿದಿರುವುದಿಲ್ಲ. ಹಾಗಿದ್ದ ಮೇಲೆ ಕೊಳವೆಯನ್ನು ಎಲ್ಲಿ ಇಳಿಸಬೇಕು, ಎಲ್ಲಿ ಇಳಿಸಬಾರದು ಎಂಬ ಲೆಕ್ಕವೇ ಬದಲಾಗುತ್ತದೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಶಾಸನಸಂಗ್ರಹದ ಸಂಪುಟಗಳು ನಾವು ಕೂತಿದ್ದ ಕೋಣೆಯ ಗೋಡೆಯಾಚೆಯೇ ಇದ್ದವು. ಅಷ್ಟು ವರ್ಷಗಳಲ್ಲಿ ನಾನು ಒಂದನ್ನೂ ತೆರೆದಿರಲಿಲ್ಲ.

ಆ ಮರಳಿನ ಪದರ ಶಾಸನದಲ್ಲಿ ಹೇಳಿರುವ ಒಡಕಿನದೇ ಎಂದು ನಾನು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ಇಂಗಾಲ-14ರ ಕಾಲನಿರ್ಣಯದಲ್ಲಿ ದಶಕಗಳ ಹಿಂದುಮುಂದು ಇದ್ದೇ ಇರುತ್ತದೆ, ಕೆರೆಯ ಹೂಳಿನಲ್ಲಂತೂ ಮೇಲಿನ ಹೊಲಗಳಿಂದ ಬಂದ ಹಳೆಯ ಇಂಗಾಲವೂ ಬೆರೆತಿರುತ್ತದೆ. ಹೊಸದಾಗಿ ಏನನ್ನೋ ಸಾಧಿಸಿದೆವು ಎಂದು ಹೇಳಿಕೊಳ್ಳಲು ಈ ಕಥೆ ಹೇಳುತ್ತಿಲ್ಲ. ಮೂರು ವರ್ಷದ ಒದ್ದಾಟಕ್ಕೆ ಬೇಕಾಗಿದ್ದ ಮುಖ್ಯ ಸುಳಿವು ಇನ್ನೂರು ಹೆಜ್ಜೆ ದೂರದಲ್ಲಿತ್ತು, ಮತ್ತು ಅದು ಸಿಕ್ಕಿದ್ದು ಸೂರು ಸೋರಿದ್ದರಿಂದ ಎಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಇದನ್ನು ಸೋರುವ ಸೂರಿಗೆ ಬಿಟ್ಟಿಲ್ಲ. ಅಮೆರಿಕದಲ್ಲಿ ಅಧ್ಯಾಪಕರು ಕಂದು ಕಾಗದದ ಚೀಲದಲ್ಲಿ ಬುತ್ತಿ ತಂದು, ಅದನ್ನು ತಿನ್ನುತ್ತಲೇ ಸಹೋದ್ಯೋಗಿಯ ಸಂಶೋಧನೆಯ ಬಗ್ಗೆ ಕೇಳುವ ವಾಡಿಕೆ ಎಷ್ಟು ಹಳೆಯದೆಂದರೆ, ಅಂಥ ಮಾತುಕತೆಗೆ ‘ಬ್ರೌನ್ ಬ್ಯಾಗ್’ ಎಂಬ ಹೆಸರೇ ನಿಂತಿದೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರತಿ ಶುಕ್ರವಾರ ಚೀನೀ ಹೋಟೆಲಿನಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದರು. ಅವರ ಸಹೋದ್ಯೋಗಿ ತ್ಸುಂಗ್-ದಾವ್ ಲೀ ಅವರು 1956ರಲ್ಲಿ ಚೆನ್ ನಿಂಗ್ ಯಾಂಗ್ ಅವರೊಡನೆ ಸೇರಿ, ಪ್ರಕೃತಿಯು ಎಡ ಬಲಗಳನ್ನು ಎಲ್ಲ ಕಡೆಯೂ ಸಮನಾಗಿ ಕಾಣುತ್ತದೆಂಬ ನಂಬಿಕೆ ಕೆಲವು ಬಗೆಯ ವಿಕಿರಣಶೀಲ ಕ್ಷಯದಲ್ಲಿ ಸುಳ್ಳಾಗಬಹುದೆಂದು ಸೂಚಿಸಿದ್ದರು. ಅದೇ ವಿಭಾಗದ ಚಿಯೆನ್-ಶಿಯುಂಗ್ ವೂ ಅವರು ವಾಷಿಂಗ್ಟನ್ನಿನಲ್ಲಿ ಕೋಬಾಲ್ಟ್-60ನ್ನು ಅತಿಶೀತಕ್ಕೆ ಇಳಿಸಿ ಇದನ್ನು ಪರೀಕ್ಷಿಸುತ್ತಿದ್ದರು. 1957ರ ಜನವರಿ 4ರ ಶುಕ್ರವಾರ ಷಾಂಘೈ ಕೆಫೆಯ ಊಟದಲ್ಲಿ, ವೂ ಅವರಿಗೆ ಎಡ ಬಲಗಳ ನಡುವೆ ದೊಡ್ಡ ಪ್ರಮಾಣದ ವ್ಯತ್ಯಾಸ ಕಾಣುತ್ತಿದೆಯೆಂದು ಲೀ ತಿಳಿಸಿದರು. ಮೇಜಿನ ಸುತ್ತ ಕೂತಿದ್ದವರಲ್ಲಿ ಲಿಯಾನ್ ಲೆಡರ್‌ಮನ್ ಒಬ್ಬರು. ಪರಿಣಾಮ ಅಷ್ಟು ದೊಡ್ಡದಾಗಿದ್ದರೆ ತಮ್ಮ ಪ್ರಯೋಗಾಲಯದಲ್ಲಿರುವ ಮ್ಯೂಆನ್ ಎಂಬ ಸೂಕ್ಷ್ಮ ಕಣಗಳಲ್ಲೂ ಅದು ಕಾಣಬೇಕಲ್ಲ ಎಂದು ಆ ಸಂಜೆ ಅವರಿಗೆ ಹೊಳೆಯಿತು. ರಿಚರ್ಡ್ ಗಾರ್ವಿನ್ ಅವರನ್ನು ಕೂಡಿಕೊಂಡು, ಸಂಶೋಧನಾ ವಿದ್ಯಾರ್ಥಿ ಮಾರ್ಸೆಲ್ ವೈನ್‌ರಿಚ್ ಅವರ ಉಪಕರಣವನ್ನೇ ಮಾರ್ಪಡಿಸಿ, ಮಂಗಳವಾರ ಬೆಳಗಾಗುವಷ್ಟರಲ್ಲಿ ಉತ್ತರ ಪಡೆದರು. ವೂ ಅವರ ತಂಡದ ಪ್ರಬಂಧವೂ ಇವರ ಪ್ರಬಂಧವೂ ಮುಂದಿನ ತಿಂಗಳು ‘ಫಿಸಿಕಲ್ ರಿವ್ಯೂ’ನ ಒಂದೇ ಸಂಚಿಕೆಯಲ್ಲಿ ಬಂದವು. ಆ ವರ್ಷವೇ ಲೀ ಮತ್ತು ಯಾಂಗ್ ಅವರಿಗೆ ನೊಬೆಲ್ ದೊರೆಯಿತು. ವೂ ಅವರಿಗೆ ದೊರೆಯಲಿಲ್ಲ. ಊಟದ ಮೇಜು ಎಲ್ಲ ಅನ್ಯಾಯಗಳನ್ನೂ ಸರಿಪಡಿಸುತ್ತದೆಂದು ನಾನು ವಾದಿಸುತ್ತಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1962ರಲ್ಲಿ ಆಣ್ವಿಕ ಜೀವವಿಜ್ಞಾನದ ಹೊಸ ಪ್ರಯೋಗಾಲಯ ತೆರೆದಾಗ ಅದರ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಪೆರುಟ್ಜ್ ಅವರು ಕ್ಯಾಂಟೀನನ್ನು ಬಹಳ ಮುತುವರ್ಜಿಯಿಂದ ರೂಪಿಸಿದರು. ಅವರ ಪತ್ನಿ ಗಿಸೆಲಾ ಅವರೇ ಅದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿಕೊಂಡರು. ಬೆಳಗಿನ ಕಾಫಿ, ಮಧ್ಯಾಹ್ನದ ಊಟ, ಸಂಜೆಯ ಚಹಾ ಮೂರಕ್ಕೂ ಎಲ್ಲರೂ ಅಲ್ಲಿ ಸೇರಲಿ, ಹೊಸಬರು ಹಳಬರೊಡನೆ ಮಾತಿಗಿಳಿಯಲಿ ಎಂಬುದು ಅವರ ಉದ್ದೇಶವಾಗಿತ್ತು. ಮುಂದೆ ನಮ್ಮ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಅವರು ನೊಬೆಲ್ ಪಡೆದದ್ದೂ ಇದೇ ಪ್ರಯೋಗಾಲಯದಲ್ಲಿದ್ದಾಗ. ನಮ್ಮಲ್ಲಿ ಕ್ಯಾಂಟೀನು ಎಂದರೆ ಟೆಂಡರು ಕರೆಯುವ ವಿಷಯ ಮಾತ್ರ.

ನಮ್ಮ ನೆಲಕ್ಕೆ ಇದು ಹೊಸದು ಎಂದೂ ಅಲ್ಲ. ರಾಮನ್ ಅವರು ತಮ್ಮ ಹೆಸರಿನ ಪರಿಣಾಮವನ್ನು ಕಂಡು ಮೂರು ವಾರ ತುಂಬುವ ಮೊದಲೇ, 1928ರ ಮಾರ್ಚ್ 16ರಂದು, ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ ಅದನ್ನು ವಿವರವಾಗಿ ತಿಳಿಸಿದರು. ಬಿಸಿ ಆರುವ ಮುನ್ನವೇ ಜೊತೆಗಾರರಿಗೆ ಹೇಳುವ ಆತುರ ಅದು. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಗಳಿಗಾಗಿ ಊರೂರಿಗೆ ಹೋಗಿ, ತಮ್ಮ ತಮ್ಮ ಶಾಸ್ತ್ರಗಳನ್ನು ಕನ್ನಡದಲ್ಲಿ ರೈತರಿಗೂ ವರ್ತಕರಿಗೂ ತಿಳಿಯುವಂತೆ ಹೇಳಿದ ಪರಂಪರೆಯೂ ನಮಗಿದೆ. ಆ ಭಾಷಣಗಳ ಚಿಕ್ಕ ಪುಸ್ತಕಗಳನ್ನು ಎರಡಾಣೆ ನಾಲ್ಕಾಣೆಗೆ ಕೊಂಡು ಓದಿದ ತಲೆಮಾರಿನವರು ನಮ್ಮ ಮನೆಗಳಲ್ಲೇ ಇದ್ದರು. ಅಂದು ಹಳ್ಳಿಯ ಜನರಿಗೆ ತಿಳಿಸಬಲ್ಲವರಾಗಿದ್ದವರ ವಾರಸುದಾರರು ಇಂದು ಪಕ್ಕದ ವಿಭಾಗದವರಿಗೆ ತಿಳಿಸಲಾರದಷ್ಟು ತೊಡಕಿನ ಭಾಷೆಗೆ ಏಕೆ ಸಿಲುಕಿದ್ದಾರೆ? ಊಟದ ಹೊತ್ತಿನ ಮಾತು ಕನ್ನಡದಲ್ಲಿರಲಿ, ಪಾರಿಭಾಷಿಕ ಶಬ್ದ ಇಂಗ್ಲಿಷಿನದೇ ಆಗಿದ್ದರೂ ಚಿಂತೆಯಿಲ್ಲ. ತನ್ನ ಪ್ರಶ್ನೆಯನ್ನು ಮನೆಮಾತಿನಲ್ಲಿ ಹೇಳಲು ಹೊರಟಾಗಲೇ ಅದು ತನಗೆಷ್ಟು ಅರ್ಥವಾಗಿದೆ ಎಂಬುದು ಬಯಲಾಗುವುದನ್ನು ನಾನು ನನ್ನಲ್ಲೇ ಕಂಡಿದ್ದೇನೆ.

ಗ್ರಂಥಾಲಯದ ಆ ಕೋಣೆಯಲ್ಲಿ ನಾವು ಬುಧವಾರದ ಕೂಟವನ್ನು ಎರಡು ವರ್ಷ ನಡೆಸಿದೆವು. ಹತ್ತರಿಂದ ಇಪ್ಪತ್ತು ಮಂದಿ ಬರುತ್ತಿದ್ದರು. ಒಬ್ಬರು ತಮ್ಮ ಊಟವನ್ನು ಮೊದಲೇ ಮುಗಿಸಿಕೊಂಡು ಬಂದು ಇಪ್ಪತ್ತು ನಿಮಿಷ ಮಾತಾಡುವುದು, ಉಳಿದವರು ಉಣ್ಣುತ್ತ ಕೇಳುವುದು. ಪ್ರೊಜೆಕ್ಟರ್ ಕೂಡದು, ಬೇಕಿದ್ದರೆ ಕರಿಹಲಗೆಯಿದೆ. ಮುಗಿದ ಕೆಲಸದ ಬಗ್ಗೆ ಅಲ್ಲ, ಅರ್ಧಕ್ಕೆ ನಿಂತು ಕಾಡುತ್ತಿರುವುದರ ಬಗ್ಗೆ ಹೇಳಬೇಕು. ಮೊದಲ ಪ್ರಶ್ನೆ ಬೇರೆ ವಿಭಾಗದವರದ್ದಾಗಿರಬೇಕು. ಕೊನೆಯ ನಿಯಮವೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ಒಮ್ಮೆ ಸಸ್ಯವಿಜ್ಞಾನದವರು ರಾಗಿಯ ಬಗ್ಗೆ ಮಾತಾಡುತ್ತ, ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಿಸಿ ತಂದ ಇಂಡಾಫ್ ತಳಿಗಳ ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಅಡಗಿವೆಯೆಂದು ವಿವರಿಸಿ, ಹೊಸ ತಳಿಗಳ ಕಾಳಿನ ಇಳುವರಿಯ ಅಂಕಿಗಳನ್ನು ಹಲಗೆಯ ಮೇಲೆ ಬರೆದರು. ರಾಗಿರೊಟ್ಟಿ ಮುರಿಯುತ್ತಿದ್ದ ಭೌತಶಾಸ್ತ್ರದ ಸಹೋದ್ಯೋಗಿ, “ಹುಲ್ಲು ಎಷ್ಟು ಬರುತ್ತೆ ಸರ್? ನಮ್ಮಪ್ಪ ಮೊದಲು ಕೇಳುತ್ತಿದ್ದದ್ದು ಅದನ್ನೇ” ಎಂದರು. ಹುಲ್ಲಿನ ತೂಕದ ಕಾಲಂ ಆ ಪಟ್ಟಿಯಲ್ಲಿ ಇರಲೇ ಇಲ್ಲ. ದನ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದವರಿಗಷ್ಟೇ ಬಾಯಿಗೆ ಬರುವ ಆ ಪ್ರಶ್ನೆಯನ್ನು ಯಾವ ಅಂತರರಾಷ್ಟ್ರೀಯ ನಿಯತಕಾಲಿಕದ ಪರಾಮರ್ಶಕರೂ ಕೇಳಿರುತ್ತಿರಲಿಲ್ಲ.

ಈ ಕೂಟ ನಿಂತದ್ದು ಜನ ಬಾರದೆ ಅಲ್ಲ. ಅದು ಮೇಲಿನವರ ಕಣ್ಣಿಗೆ ಬಿತ್ತು. ‘ಉತ್ತಮ ರೂಢಿ’ ಎಂದು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ವರದಿಯಲ್ಲಿ ಸೇರಿಸಬಹುದಾದ ಸಂಗತಿ ಇದು ಎಂದು ಯಾರಿಗೋ ಅನ್ನಿಸಿತು. ಸುತ್ತೋಲೆ ಬಂತು, ಸಂಚಾಲಕರ ನೇಮಕವಾಯಿತು, ಸ್ಥಳ ಗ್ರಂಥಾಲಯದ ಕೋಣೆಯಿಂದ ಸೆನೆಟ್ ಸಭಾಂಗಣಕ್ಕೆ ಬದಲಾಯಿತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಹಣ್ಣಿನ ಬುಟ್ಟಿ, ಶಾಲು, ಅಧ್ಯಕ್ಷ ಭಾಷಣ, ವಂದನಾರ್ಪಣೆ ಎಲ್ಲವೂ ಸೇರಿ, ಮಾತಾಡಬೇಕಾದವರಿಗೆ ಹತ್ತು ನಿಮಿಷ ಉಳಿಯಿತು. ಹಾಜರಿ ಪುಸ್ತಕ ಬಂದ ದಿನ ಬಂದವರ ಸಂಖ್ಯೆ ಇಮ್ಮಡಿಯಾಯಿತು, ಪ್ರಶ್ನೆಗಳು ಇಲ್ಲವಾದವು. ಸಭಾಂಗಣದೊಳಗೆ ತಿಂಡಿ ತರಬಾರದೆಂಬ ಫಲಕ ಇದ್ದದ್ದರಿಂದ ಊಟವೂ ನಿಂತಿತು. ಆರು ತಿಂಗಳಲ್ಲಿ ಎಲ್ಲ ಮುಗಿಯಿತು. ಛಾಯಾಚಿತ್ರಗಳು ವರದಿಯಲ್ಲಿ ಸುರಕ್ಷಿತವಾಗಿವೆ.

ಯಾರೊಬ್ಬರಲ್ಲೂ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಾವಳಿ ಬಂದ ಮೇಲೆ ಅಧ್ಯಾಪಕರ ಬಡ್ತಿ ಅಂಕಗಳಿಗೆ ಗಂಟುಬಿದ್ದಿತು. ಮುಂದೆ ಲೆಕ್ಕದ ವಿಧಾನ ಬದಲಾದರೂ, ಎಣಿಸಲಾಗದ ಕೆಲಸ ಕೆಲಸವೇ ಅಲ್ಲ ಎಂಬ ಅಭ್ಯಾಸ ಉಳಿದುಕೊಂಡಿತು. ಇಂಥ ವಾತಾವರಣದಲ್ಲಿ ಅಂಕ ಸಿಗದ ಮಾತಿಗೆ ಯಾರು ಬರುತ್ತಾರೆ ಎಂದು ಕೇಳಬಹುದು. ಬರುತ್ತಾರೆ ಎಂಬುದಕ್ಕೆ ನಮ್ಮ ಎರಡು ವರ್ಷಗಳೇ ಸಾಕ್ಷಿ. ಅಂಕ ಕೊಡತೊಡಗಿದರೆ ಬೇರೆಯವರು ಬರುತ್ತಾರೆ.

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅರ್ಧಕ್ಕೆ ನಿಂತ ಕೆಲಸವನ್ನು ಬಾಯಿಬಿಟ್ಟು ಹೇಳಿದರೆ ಬೇರೆಯವರು ಅದನ್ನು ಎತ್ತಿಕೊಂಡು ಮೊದಲು ಪ್ರಕಟಿಸಿಬಿಟ್ಟರೆ ಗತಿ ಏನು ಎಂಬ ಭಯ, ಅದರಲ್ಲೂ ಮಾರ್ಗದರ್ಶಕರ ಅಡಿಯಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ, ನಿಜವಾಗಿಯೂ ಇದೆ. ಅದಕ್ಕೆ ಆಧಾರವಿಲ್ಲವೆಂದೂ ಹೇಳಲಾರೆ. ಇದಕ್ಕೊಂದು ಹಳೆಯ ಉಪಾಯವಿದೆ. 1930ರ ದಶಕದಲ್ಲಿ, ಆಗ ಪೋಲೆಂಡಿಗೆ ಸೇರಿದ್ದ ಲ್ವೂವ್ ನಗರದ ಸ್ಕಾಟಿಷ್ ಕೆಫೆಯಲ್ಲಿ ಸೇರುತ್ತಿದ್ದ ಸ್ಟೆಫಾನ್ ಬನಾಖ್ ಮುಂತಾದ ಗಣಿತಜ್ಞರು, ಮೇಜಿನ ಅಮೃತಶಿಲೆಯ ಮೇಲೆ ಬರೆದದ್ದು ಒರೆಸಿಹೋಗುತ್ತಿತ್ತೆಂದು ಒಂದು ದಪ್ಪ ನೋಟ್ ಪುಸ್ತಕ ಇಟ್ಟರು. ಯಾರು, ಯಾವ ದಿನ, ಯಾವ ಸಮಸ್ಯೆಯನ್ನು ಮುಂದಿಟ್ಟರೆಂದು ಅದರಲ್ಲಿ ಬರೆದಿಡುತ್ತಿದ್ದರು; ಪುಸ್ತಕ ಕೆಫೆಯವರ ವಶದಲ್ಲೇ ಇರುತ್ತಿತ್ತು. ಅದರಲ್ಲಿ 1936ರಲ್ಲಿ ಬರೆದ ಒಂದು ಸಮಸ್ಯೆಗೆ ಸ್ತಾನಿಸ್ವಾಫ್ ಮಾಜುರ್ ಜೀವಂತ ಹೆಬ್ಬಾತನ್ನು ಬಹುಮಾನವಾಗಿ ಘೋಷಿಸಿದ್ದರು. ಸ್ವೀಡನ್ನಿನ ಪೆರ್ ಎನ್‌ಫ್ಲೋ ಅದನ್ನು ಬಿಡಿಸಿ, 1972ರಲ್ಲಿ ವಾರ್ಸಾದಲ್ಲಿ ಬಹುಮಾನ ಪಡೆದರು. ದಿನಾಂಕ ಹಾಕಿದ ಒಂದು ನೋಟ್ ಪುಸ್ತಕ ಗ್ರಂಥಪಾಲಕರ ಬಳಿ ಇದ್ದರೆ ಯಾರ ಮಾತು ಯಾರದೆಂಬ ಜಗಳಕ್ಕೆ ಅಷ್ಟಾದರೂ ದಾಖಲೆಯಿರುತ್ತದೆ.

ಊಟ ಎಂಬ ವಿಷಯದಲ್ಲೇ ನಮ್ಮಲ್ಲಿ ಇರುವ ತೊಡಕನ್ನೂ ಹೇಳದೆ ಇರಲಾರೆ. ಪಂಕ್ತಿಭೇದ ಮಾಡಿದ ಸಮಾಜ ನಮ್ಮದು. ವಿಶ್ವವಿದ್ಯಾಲಯದ ಸಿಬ್ಬಂದಿ ಕೊಠಡಿಗಳಲ್ಲಿ ಇಂದಿಗೂ ಯಾರು ಯಾರ ಜೊತೆ ಡಬ್ಬಿ ಬಿಚ್ಚುತ್ತಾರೆ ಎಂಬುದನ್ನು ಒಂದು ವಾರ ಸುಮ್ಮನೆ ನೋಡಿದರೆ ಸಾಕು, ಹೇಳಬೇಕಾದ್ದೇನೂ ಉಳಿಯುವುದಿಲ್ಲ. ಮೊಟ್ಟೆಯ ವಾಸನೆಗೆ ಮೂಗು ಮುಚ್ಚಿಕೊಂಡವರ ಎದುರು ತನ್ನ ಸಂಶೋಧನೆಯ ಸಂದೇಹಗಳನ್ನು ಹೇಳಿಕೊಳ್ಳಲು ಯಾರಿಗೂ ಮನಸ್ಸಾಗದು. ಹೀಗಾಗಿ ಯಾರೂ ಊಟ ಒದಗಿಸುವುದು ಬೇಡ. ಅವರವರ ಡಬ್ಬಿ ಅವರವರೇ ತರಲಿ, ಅದರಲ್ಲಿ ಏನಿದೆ ಎಂಬುದು ಬೇರೆಯವರ ಗೊಡವೆಯಲ್ಲ ಎಂಬುದು ಮೊದಲ ದಿನವೇ ಸ್ಪಷ್ಟವಾಗಿರಲಿ. ಅತಿಥಿ ಉಪನ್ಯಾಸಕರನ್ನೂ ಇದರಿಂದ ಹೊರಗಿಡಬಾರದು. ಅನೇಕ ವಿಭಾಗಗಳು ನಡೆಯುತ್ತಿರುವುದೇ ಅವರಿಂದ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಪಾಠಕ್ಕೆ ಓಡುವ ಅವರಲ್ಲಿ ಹಲವರು ಬಸ್ಸಿನಲ್ಲೇ ಊಟ ಮುಗಿಸುತ್ತಾರೆ. ಬುಧವಾರ ಒಂದೂವರೆಯಿಂದ ಎರಡೂವರೆಯವರೆಗೆ ಯಾವ ವಿಭಾಗದಲ್ಲೂ ತರಗತಿ ಇಡದಿದ್ದರೆ ಅವರಿಗೂ ಕೂರಲು ಸಾಧ್ಯವಾದೀತು.

ಕುಲಪತಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಆ ಒಂದು ಗಂಟೆ, ಗಾಳಿ ಬೆಳಕಿರುವ ಒಂದು ಕೋಣೆ, ಕೈತೊಳೆಯಲು ನಲ್ಲಿ, ಒಂದು ಕರಿಹಲಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮತ್ತೆ ಮತ್ತೆ ಬರುವ ‘ಬಹುಶಿಸ್ತೀಯ’ ಎಂಬ ಶಬ್ದವನ್ನು ರಾಜ್ಯದಲ್ಲಿ ಪರವಾಗಿಯೂ ವಿರೋಧವಾಗಿಯೂ ಬೇಕಾದಷ್ಟು ಬಳಸಿದ್ದಾಗಿದೆ. ಇದಕ್ಕೆ ಯಾವ ನೀತಿಯ ಒಪ್ಪಿಗೆಯೂ ಬೇಕಿಲ್ಲ. ಉದ್ಘಾಟನೆಗೆ ಬರಲು ಮನಸ್ಸಾದರೆ ಕುಲಪತಿಗಳು ಡಬ್ಬಿ ತೆಗೆದುಕೊಂಡು ಬಂದು, ಸಿಕ್ಕಿದ ಕುರ್ಚಿಯಲ್ಲಿ ಕೂತು, ತಮ್ಮ ವಿಷಯವಲ್ಲದ ವಿಷಯದ ಮೇಲೆ ಒಂದು ಪ್ರಶ್ನೆ ಕೇಳಲಿ.

ನನಗೆ ಕೆರೆಶಾಸನ ಓದಿಸಿದ ಸಹೋದ್ಯೋಗಿಯೂ ಈಗ ನಿವೃತ್ತರು. ಆ ಕೆರೆಯಿಂದ ತೆಗೆದ ಹೂಳಿನ ಹನ್ನೊಂದು ಕೊಳವೆಗಳು ಮರದ ಪೆಟ್ಟಿಗೆಗಳಲ್ಲಿ ನಮ್ಮ ವಿಭಾಗದ ಮೊಗಸಾಲೆಯಲ್ಲಿ ಬಿದ್ದಿವೆ. ಪ್ರತಿಯೊಂದರ ಮೇಲೂ ಸ್ಥಳ, ಆಳ, ದಿನಾಂಕ ಬರೆದಿದೆ, ಇಬ್ಬರ ಟಿಪ್ಪಣಿಗಳೂ ನನ್ನ ಬಳಿ ಇವೆ. ಮುಂದಿನ ಬೇಸಿಗೆಯಲ್ಲಿ ಕಟ್ಟಡಕ್ಕೆ ಸುಣ್ಣಬಣ್ಣ ಮಾಡುವಾಗ ಅವುಗಳನ್ನು ಹೊರಗೆ ಹಾಕುತ್ತಾರೆಂದು ಕೇಳಿದೆ. ಅಷ್ಟರೊಳಗೆ ಯಾರಾದರೂ ತರುಣ ಅಧ್ಯಾಪಕರು ಅವುಗಳನ್ನು ಬಿಡಿಸಲು ಮುಂದೆ ಬಂದರೆ, ಯಾವ ಬುಧವಾರವಾದರೂ ಸರಿ, ನಾನು ನನ್ನ ಡಬ್ಬಿ ಹಿಡಿದು ಬರಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಭೂವಿಜ್ಞಾನದ ನಿವೃತ್ತ ಪ್ರಾಧ್ಯಾಪಕ